ಸ್ಕ್ಯಾನ್‌ನಲ್ಲಿ ಮಗುವಿನ ಕಿಡ್ನಿ ಊದಿದೆ ಅಂದರೆ ಮುಂದೇನು? ಗರ್ಭದಿಂದ ಸ್ಕೂಲಿನ ತನಕ

ಐದನೇ ತಿಂಗಳ ಸ್ಕ್ಯಾನ್ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಎಡ ಕಿಡ್ನಿಯ ಪೆಲ್ವಿಸ್ (ಕಿಡ್ನಿಯೊಳಗೆ ಉಚ್ಚೆ ಬಂದು ಸೇರುವ ಜಾಗ) 6 ಮಿಮೀ ಹಿಗ್ಗಿದೆ, ಮತ್ತೆ ಸ್ಕ್ಯಾನ್ ಮಾಡಿಸಿ. ಅಷ್ಟು ಹೇಳಿ ಸ್ಕ್ಯಾನ್ ಸೆಂಟರಿನವರು ಮುಂದಿನ ಟೋಕನ್ ಕರೆದಿರುತ್ತಾರೆ. ನೀವು ಆಟೋದಲ್ಲಿ ಮನೆ ಸೇರುವಷ್ಟರಲ್ಲಿ ಮೊಬೈಲ್ ನೋಡಿಕೊಂಡು ಡಯಾಲಿಸಿಸ್ ತನಕ ಹೋಗಿ ಬಂದಿರುತ್ತೀರಿ.

ಸ್ವಲ್ಪ ನಿಧಾನಿಸಿ. ನೂರು ಬಸುರಿಗಳಲ್ಲಿ ಕಡಿಮೆ ಅಂದರೂ ಒಬ್ಬಿಬ್ಬರ ಸ್ಕ್ಯಾನ್‌ನಲ್ಲಿ ಈ ಊತ ಕಾಣಿಸುತ್ತದೆ. ಹೆಚ್ಚಿನವು ಹೆರಿಗೆಗೆ ಮೊದಲೋ, ಮಗುವಿಗೆ ಒಂದೆರಡು ವರ್ಷ ಆಗುವುದರೊಳಗೋ ತಾವಾಗೇ ಇಳಿಯುತ್ತವೆ. ಆದರೆ ಇದೇ ಗುಂಪಿನಲ್ಲಿ ಒಂದು ದಿನವೂ ಕಾಯಬಾರದ ಕೆಲವು ಮಕ್ಕಳು ಇರುತ್ತಾರೆ. ಕಾಯಬಹುದಾದದ್ದು ಯಾವುದು, ಓಡಬೇಕಾದದ್ದು ಯಾವುದು, ಇಷ್ಟು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಈ ಲೇಖನ ಅದಕ್ಕೇ.

ಹೆಜ್ಜೆ 1: ರಿಪೋರ್ಟಿನಲ್ಲಿ ನಾಲ್ಕು ವಿಷಯ ಹುಡುಕಿ

ಮೊದಲನೆಯದು, ಒಂದು ಕಡೆಯೋ ಎರಡೂ ಕಡೆಯೋ. ಒಂದೇ ಕಡೆ ಊತ ಇದ್ದು ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಸಮಯ ಇದೆ ಅಂತ ಅರ್ಥ. ಎರಡೂ ಕಡೆ ಇದ್ದರೆ, ಅಥವಾ ಇರುವ ಒಂದೇ ಕಿಡ್ನಿ ಊದಿದ್ದರೆ, ಲೆಕ್ಕ ಬೇರೆ.

ಎರಡನೆಯದು, ಎಷ್ಟು ಮಿಮೀ ಮತ್ತು ಎಷ್ಟನೇ ವಾರದಲ್ಲಿ. 28 ವಾರಕ್ಕೆ ಮೊದಲು 4 ಮಿಮೀ, ಆಮೇಲೆ 7 ಮಿಮೀ ದಾಟಿದರೆ ಹಿಗ್ಗಿದೆ ಅಂತ ಬರೆಯುತ್ತಾರೆ. 28 ವಾರಕ್ಕೆ ಮೊದಲೇ 7, ಆಮೇಲೆ 10 ದಾಟಿದ್ದರೆ ಅದು ಸುಮ್ನೆ ಬಿಡುವ ಊತ ಅಲ್ಲ. ವಾರ ಬಿಟ್ಟು ಬರೀ ಮಿಮೀ ಹಿಡಿದುಕೊಂಡು ಪಕ್ಕದ ಮನೆಯವರ ರಿಪೋರ್ಟಿನ ಜೊತೆ ಹೋಲಿಸಬೇಡಿ.

ಮೂರನೆಯದು ಮೂತ್ರಕೋಶ. ಅದು ತುಂಬಿ ಖಾಲಿಯಾಗುತ್ತಿದೆಯೇ, ಗೋಡೆ ದಪ್ಪ ಇದೆಯೇ, ಯಾವಾಗ ನೋಡಿದರೂ ದೊಡ್ಡದಾಗೇ ಇದೆಯೇ. ನಾಲ್ಕನೆಯದು ಗರ್ಭದ ನೀರು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಾಲ್ಕನೇ ತಿಂಗಳು ದಾಟಿದ ಮೇಲೆ ಆ ನೀರಿನ ಹೆಚ್ಚಿನ ಪಾಲು ಮಗುವಿನ ಉಚ್ಚೆಯೇ. ಮಗು ಅದನ್ನು ನುಂಗುತ್ತದೆ, ಮತ್ತೆ ಹೊಯ್ಯುತ್ತದೆ. ಉಚ್ಚೆ ತಯಾರಾಗದಿದ್ದರೆ ಅಥವಾ ಹೊರಗೆ ಬರುವ ದಾರಿ ಮುಚ್ಚಿದ್ದರೆ ನೀರು ಕಮ್ಮಿಯಾಗುತ್ತದೆ. ಶ್ವಾಸಕೋಶ ಬೆಳೆಯುವುದಕ್ಕೆ ಆ ನೀರು ಬೇಕೇ ಬೇಕು. ಎರಡೂ ಕಿಡ್ನಿ ಬೆಳೆಯದೇ ಹುಟ್ಟುವ ಮಕ್ಕಳು ಸಾಮಾನ್ಯವಾಗಿ ಉಸಿರಾಟದ ತೊಂದರೆಯಿಂದಲೇ ತೀರಿಕೊಳ್ಳುತ್ತಾರೆ. ಹಾಗಾಗಿ "ನೀರು ಸರಿಯಾಗಿದೆ" ಅನ್ನುವ ಎರಡು ಪದ ರಿಪೋರ್ಟಿನಲ್ಲಿ ಇದ್ದರೆ ಅದು ದೊಡ್ಡ ಸಮಾಧಾನ.

ಊತದ ಬದಲು ಬೇರೆ ಹೆಸರುಗಳೂ ಬರಬಹುದು. ಕಿಡ್ನಿ ಮೊದಲು ಮಗುವಿನ ಕಿಬ್ಬೊಟ್ಟೆಯ ಹತ್ತಿರ ಹುಟ್ಟಿ ನಂತರ ಮೇಲಕ್ಕೆ ಏರುತ್ತದೆ. ಏರದೆ ಅಲ್ಲೇ ಉಳಿದರೆ ಪೆಲ್ವಿಕ್ ಕಿಡ್ನಿ. ಎರಡೂ ಕೆಳತುದಿಯಲ್ಲಿ ಅಂಟಿಕೊಂಡರೆ ಹಾರ್ಸ್‌ಶೂ ಕಿಡ್ನಿ. ಇದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ಎಷ್ಟೋ ಜನರಿಗೆ ಸಾಯುವವರೆಗೂ ಗೊತ್ತೇ ಆಗುವುದಿಲ್ಲ. ಒಂದೇ ಕಿಡ್ನಿ ಇರುವವರು ಸುಮಾರು ಸಾವಿರಕ್ಕೆ ಒಬ್ಬರು. ಇನ್ನೊಂದು ಎಂಸಿಡಿಕೆ. ಅಲ್ಲಿ ಒಂದು ಕಿಡ್ನಿ ಬರೀ ನೀರುಗುಳ್ಳೆಗಳ ಗೊಂಚಲಾಗಿರುತ್ತದೆ, ಕೆಲಸ ಮಾಡುವುದಿಲ್ಲ, ವರ್ಷಗಳು ಕಳೆದಂತೆ ತಾನೇ ಕುಗ್ಗಿಹೋಗುತ್ತದೆ. ಅದನ್ನು ಕತ್ತರಿಸಿ ತೆಗೆಯುವ ಅಗತ್ಯ ಈಗ ಅಪರೂಪ. ಇಂಥ ಮಕ್ಕಳಲ್ಲಿ ಉಳಿದ ಕಿಡ್ನಿ ಮಾಮೂಲಿಗಿಂತ ದೊಡ್ಡದಾಗಿ ಬೆಳೆದು ಎರಡರ ಕೆಲಸ ಮಾಡುತ್ತದೆ.

ಹೆಜ್ಜೆ 2: ಗರ್ಭದಲ್ಲೇ ಇರುವಾಗ ಕೇಳಬೇಕಾದದ್ದು

28ರಿಂದ 34 ವಾರದ ನಡುವೆ ಇನ್ನೊಂದು ಸ್ಕ್ಯಾನ್ ಮಾಡಿಸಿ. ಊತ ಹೆಚ್ಚಾಗಿದೆಯೋ ಇಳಿದಿದೆಯೋ ಅಂತ ಆಗಲೇ ಗೊತ್ತಾಗುವುದು. ಎರಡೂ ಕಡೆ ಊತ, ದಪ್ಪ ಮೂತ್ರಕೋಶ, ಕಮ್ಮಿ ನೀರು, ಅಥವಾ ಹೃದಯ, ಬೆನ್ನುಮೂಳೆಯಲ್ಲಿ ಬೇರೇನಾದರೂ ಕಂಡಿದ್ದರೆ ಅಷ್ಟು ದಿನ ಕಾಯದೆ ಫೀಟಲ್ ಮೆಡಿಸಿನ್ ತಜ್ಞರನ್ನು, ಅಂದರೆ ಗರ್ಭದಲ್ಲಿರುವ ಮಗುವಿನ ತೊಂದರೆ ನೋಡುವ ವೈದ್ಯರನ್ನು ನೋಡಿ.

ಇಲ್ಲಿ ಒಂದು ಇಕ್ಕಟ್ಟು ಇದೆ. ಕಾಯಲೇಬಾರದ ದೋಷಗಳಲ್ಲಿ ಮೊದಲ ಸಾಲಿನದು ಪಿಯುವಿ. ಅಂದರೆ ಮೂತ್ರ ಹೊರಬರುವ ನಾಳದೊಳಗೆ ತೆಳು ಪೊರೆ ಬೆಳೆದು ದಾರಿ ಅಡ್ಡಗಟ್ಟುವುದು. ಇದು ಗಂಡುಮಕ್ಕಳಿಗೆ ಮಾತ್ರ ಬರುತ್ತದೆ. ಆದರೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಮಗು ಗಂಡೋ ಹೆಣ್ಣೋ ಅಂತ ವೈದ್ಯರು ಹೇಳುವ ಹಾಗಿಲ್ಲ. ಹಾಗಾಗಿ "ಮೂತ್ರಕೋಶದ ಕೆಳಗೆ ಅಡ್ಡಿ ಇರಬಹುದು" ಅಂತಷ್ಟೇ ಬರೆಯುತ್ತಾರೆ. ಇನ್ನೂ ಬಿಡಿಸಿ ಹೇಳಿ ಅಂತ ಅವರನ್ನು ಪೀಡಿಸಬೇಡಿ. ಹುಟ್ಟಿದ ಗಳಿಗೆಗೆ ಮಕ್ಕಳ ಶಸ್ತ್ರಚಿಕಿತ್ಸಕರು ಸಿಗುವಂಥ ಆಸ್ಪತ್ರೆಯಲ್ಲಿ ಹೆರಿಗೆ ಇಟ್ಟುಕೊಳ್ಳಬೇಕೇ ಅಂತ ಕೇಳಿ. ಅದಕ್ಕೆ ಉತ್ತರ ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಕಿಡ್ನಿ ಊದಿದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಒಂದು ಕಡೆಯ ಊತಕ್ಕೆ ಬೇಗ ಹೆರಿಗೆ ಮಾಡಿಸುವುದೂ ಬೇಡ, ದಿನ ತುಂಬದ ಮಗುವಿನ ತೊಂದರೆಯೇ ಜಾಸ್ತಿಯಾಗುತ್ತದೆ. ಮಗುವಿನ ಮೂತ್ರಕೋಶಕ್ಕೆ ಹೊಟ್ಟೆಯೊಳಗೇ ಸಣ್ಣ ನಳಿಕೆ ಇಡುವ ಶಂಟ್ ಚಿಕಿತ್ಸೆ ಕೆಲವೇ ಕಡೆ ಇದೆ. ಅದು ನೀರು ಹೆಚ್ಚಿಸಿ ಶ್ವಾಸಕೋಶಕ್ಕೆ ಸಹಾಯ ಮಾಡಬಹುದು, ಆದರೆ ಕಿಡ್ನಿ ಉಳಿಯುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ. ಬದುಕುಳಿಯುವ ಸಾಧ್ಯತೆಯೇ ಇಲ್ಲದಂಥ ಗಂಭೀರ ದೋಷ ಇದ್ದರೆ, ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿಯ ಮುಂದೆ ಗರ್ಭಪಾತಕ್ಕೆ ಕೇಳಿಕೊಳ್ಳಬಹುದು. ತೀರ್ಮಾನ ನಿಮ್ಮದು. ಆದರೆ ಅಂಥ ದಾರಿ ಇದೆ ಅಂತ ಗೊತ್ತಿರಲಿ.

ಹೆಜ್ಜೆ 3: ತವರಿಗೆ ಹೊರಡುವ ಮುಂಚೆ

ನಮ್ಮ ಕಡೆ ಎಡವಟ್ಟಾಗುವುದು ಇಲ್ಲೇ. ಸ್ಕ್ಯಾನ್ ಎಲ್ಲ ಬೆಂಗಳೂರಿನಲ್ಲಿ, ಹೆರಿಗೆ ತವರೂರಿನಲ್ಲಿ. ಫೈಲ್ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕಿಡ್ನಿ ವಿಷಯ ಗೊತ್ತೇ ಇರುವುದಿಲ್ಲ, ಮಗು ನೋಡೋಕೆ ಗುಂಡುಗುಂಡಾಗಿರುತ್ತದೆ, ಮೂರನೇ ದಿನ ಡಿಸ್ಚಾರ್ಜ್. ಎಲ್ಲ ರಿಪೋರ್ಟಿನ ಫೋಟೋ ತೆಗೆದು ನಿಮ್ಮ, ಯಜಮಾನರ, ತಾಯಿಯ, ಮೂವರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ "ಮಗುವಿನ ಕಿಡ್ನಿ ಸ್ಕ್ಯಾನ್ ಮಾಡಬೇಕು" ಅಂತ ಬರೆಸಿ.

ಇನ್ನೊಂದು ಮಾತು ಮನೆಯ ಹಿರಿಯರ ಜೊತೆ ಮೊದಲೇ ಆಡಿಬಿಡಿ. ಬಾಣಂತನದಲ್ಲಿ ಮಗುವನ್ನು ಹೊರಗೆ ಕರೆದುಕೊಂಡು ಹೋಗಬಾರದು ಅನ್ನುತ್ತಾರೆ, ಆದರೆ ಬೇಕಾದ ಎರಡು ಸ್ಕ್ಯಾನೂ ಅದೇ ದಿನಗಳಲ್ಲಿ ಬೀಳುತ್ತವೆ. ಅಜ್ಜಿಯ ಜೊತೆ ಜಗಳ ಬೇಡ, ಈಗಲೇ ದಿನಾಂಕ ಹೇಳಿಟ್ಟರೆ ಅವರೇ ಟೋಪಿ, ಸಾಕ್ಸ್ ಹಾಕಿ ರೆಡಿ ಮಾಡಿ ಕೊಡುತ್ತಾರೆ.

ಹೆಜ್ಜೆ 4: ಹುಟ್ಟಿದ ಮೊದಲ ವಾರ

ಒಂದು ಕಡೆ ಊತ ಇರುವ ಆರಾಮಾದ ಮಗುವಿಗೆ ಮೂರನೇ ದಿನದಿಂದ ಏಳನೇ ದಿನದೊಳಗೆ ಸ್ಕ್ಯಾನ್. ಅದಕ್ಕಿಂತ ಮೊದಲೇ ಮಾಡಿದರೆ ಏನಾಗುತ್ತದೆ ಗೊತ್ತಾ? ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರಿನಂಶ ಕಮ್ಮಿ, ಉಚ್ಚೆಯೂ ಕಮ್ಮಿ. ಊತ ಇದ್ದರೂ ಇಲ್ಲದ ಹಾಗೆ ಕಾಣಬಹುದು. "ಎಲ್ಲ ಸರಿಹೋಗಿದೆ" ಅಂತ ಸಿಹಿ ಹಂಚಿ ಫೈಲ್ ಮುಚ್ಚಿಡುವವರು ಇದ್ದಾರೆ. ಮೊದಲ ಸ್ಕ್ಯಾನ್ ಚೆನ್ನಾಗಿ ಬಂದರೂ 4ರಿಂದ 6 ವಾರಕ್ಕೆ ಇನ್ನೊಂದು ಮಾಡಿಸಿ. ಎರಡೂ ಚೆನ್ನಾಗಿದ್ದರೆ ಆಗ ನಿಶ್ಚಿಂತೆ.

ಕಾಯಬಾರದವರು ಇವರು: ಎರಡೂ ಕಡೆ ಊತ ಇರುವವರು, ಒಂದೇ ಕಿಡ್ನಿ ಇದ್ದು ಅದೂ ಊದಿರುವವರು, ಗರ್ಭದ ನೀರು ಕಮ್ಮಿ ಇದ್ದವರು, ಮೂತ್ರಕೋಶ ದಪ್ಪ ಇರುವ ಗಂಡುಮಗು. ಇವರಿಗೆ ಮೊದಲ 24ರಿಂದ 48 ಗಂಟೆಯೊಳಗೆ ಸ್ಕ್ಯಾನ್ ಆಗಬೇಕು. ಯಾವ ಮಗುವೇ ಆಗಲಿ, 24 ಗಂಟೆ ಕಳೆದರೂ ಉಚ್ಚೆ ಹೊಯ್ಯದಿದ್ದರೆ ನರ್ಸಿಗೆ ಹೇಳಿ.

ಪಿಯುವಿ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. 5,000ದಿಂದ 8,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಉಚ್ಚೆ ತೊಟ್ಟಿಕ್ಕುತ್ತಿದ್ದರೆ, ಮಗು ಮುಕ್ಕಿ ಮುಕ್ಕಿ ಹೊಯ್ಯುತ್ತಿದ್ದರೆ, ಕಿಬ್ಬೊಟ್ಟೆಯಲ್ಲಿ ಗಟ್ಟಿ ಉಂಡೆ ಕೈಗೆ ಸಿಗುತ್ತಿದ್ದರೆ ಅನುಮಾನ ಪಡಬೇಕು. ಆದರೆ ಧಾರೆ ದೂರ ಹಾರುತ್ತಿದೆ, ಹಾಗಾಗಿ ಪಿಯುವಿ ಇಲ್ಲ ಅನ್ನುವ ಲೆಕ್ಕ ತಪ್ಪು. ಅಡ್ಡಿಯ ಎದುರು ಒತ್ತಿ ಒತ್ತಿ ಮೂತ್ರಕೋಶದ ಸ್ನಾಯು ದಪ್ಪಗಾಗಿರುತ್ತದೆ, ಆ ಬಲದಲ್ಲಿ ಧಾರೆ ಚೆನ್ನಾಗೇ ಬರಬಹುದು. ಮೊದಲ ಕೆಲಸ ತುಂಬ ಸರಳ. ತೆಳ್ಳನೆಯ ಫೀಡಿಂಗ್ ಟ್ಯೂಬನ್ನೇ ಮೂತ್ರದ ದಾರಿಯಲ್ಲಿ ಹಾಕಿ ಕಟ್ಟಿಕೊಂಡ ಉಚ್ಚೆ ಇಳಿಸುತ್ತಾರೆ. ಆಮೇಲೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯುವುದಕ್ಕೆ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ, ಕಿಡ್ನಿ ಸೋತರೆ ಅದು ಏರುತ್ತದೆ. ಮೊದಲ ಒಂದೆರಡು ದಿನದ ಕ್ರಿಯಾಟಿನಿನ್ ತಾಯಿಯದ್ದನ್ನೇ ತೋರಿಸುತ್ತದೆ, ಆ ಒಂದು ನಂಬರ್ ನೋಡಿ ಗಾಬರಿಯೂ ಬೇಡ ಸಮಾಧಾನವೂ ಬೇಡ. ದಿನ ಕಳೆದಂತೆ ಅದು ಇಳಿಯುತ್ತಿದೆಯೇ ಅನ್ನುವುದು ಮುಖ್ಯ. ಮಗು ಸುಧಾರಿಸಿದ ಮೇಲೆ ದುರ್ಬೀನು ಹಾಕಿ ಪೊರೆ ಸುಡುತ್ತಾರೆ.

ಹೆರಿಗೆ ಕೋಣೆಯಲ್ಲೇ ಕಣ್ಣಿಗೆ ಬೀಳುವ ಎರಡು ಅಪರೂಪದ ದೋಷಗಳಿವೆ. ಪ್ರೂನ್ ಬೆಲ್ಲಿಯಲ್ಲಿ ಹೊಟ್ಟೆಯ ಸ್ನಾಯು ಇಲ್ಲದೆ ಚರ್ಮ ಸುಕ್ಕುಸುಕ್ಕಾಗಿರುತ್ತದೆ, ಗಂಡುಮಕ್ಕಳಲ್ಲೇ ಹೆಚ್ಚು, ಬೀಜಗಳು ಕೆಳಗೆ ಇಳಿದಿರುವುದಿಲ್ಲ. ಇನ್ನೊಂದು ಬ್ಲಾಡರ್ ಎಕ್ಸ್‌ಸ್ಟ್ರೋಫಿ. 30,000ದಿಂದ 50,000 ಮಕ್ಕಳಲ್ಲಿ ಒಬ್ಬರಿಗೆ, ಮೂತ್ರಕೋಶ ಮುಚ್ಚಿಕೊಳ್ಳದೆ ಹೊಕ್ಕುಳ ಕೆಳಗೆ ಕೆಂಪಗೆ ತೆರೆದುಕೊಂಡಿರುತ್ತದೆ. ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಇಂಥ ಮಗು ಹುಟ್ಟಿದರೆ ಅದರ ಮೇಲೆ ಬಟ್ಟೆ, ಗಾಜ್, ಹತ್ತಿ ಏನೂ ಹಾಕಬಾರದು, ಅಂಟಿಕೊಂಡು ಕಿತ್ತುಬರುತ್ತದೆ. ಅಡುಗೆಮನೆಯಲ್ಲಿ ತಟ್ಟೆ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅಂಥ ಸ್ವಚ್ಛ ಹಾಳೆ ಹೊದಿಸಬೇಕು. ಹೊಕ್ಕುಳ ಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ ಬದಲು ರೇಷ್ಮೆ ದಾರ ಕಟ್ಟಬೇಕು, ಕ್ಲಿಪ್ಪಿನ ಅಂಚು ಮೂತ್ರಕೋಶಕ್ಕೆ ಉಜ್ಜಿ ಗಾಯ ಮಾಡುತ್ತದೆ. ಇಷ್ಟು ಮಾಡಿ, ಬೆಚ್ಚಗೆ ಇಟ್ಟುಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 5: ಜ್ವರ ಬಂದರೆ ಮೊದಲು ಉಚ್ಚೆ ಟೆಸ್ಟ್

ಕಿಡ್ನಿ ದೋಷ ಇರುವ ಮಗುವಿಗೆ ನೆಗಡಿ ಕೆಮ್ಮು ಏನೂ ಇಲ್ಲದೆ ಜ್ವರ ಬಂದರೆ ಉಚ್ಚೆಯ ಸೋಂಕು ಅಂತಲೇ ಹೊರಡಿ. ಎಳೆ ಮಕ್ಕಳಲ್ಲಿ ಜ್ವರವೂ ಇರಲಿಕ್ಕಿಲ್ಲ. ಹಾಲು ಬಿಡುವುದು, ವಾಂತಿ, ತೂಕ ಏರದಿರುವುದು, ಮಂಕಾಗಿ ಮಲಗಿರುವುದು, ಅಷ್ಟೇ ಕಾಣಬಹುದು. ಮೂರು ತಿಂಗಳೊಳಗಿನ ಮಗುವಾದರೆ ರಾತ್ರಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಆ್ಯಂಟಿಬಯೋಟಿಕ್ ಶುರುವಾಗುವ ಮೊದಲೇ ಉಚ್ಚೆ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಟೆಸ್ಟಿಗೆ ಹೋಗಬೇಕು. ಒಂದು ಡೋಸ್ ಹೊಟ್ಟೆಗೆ ಹೋದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಆಮೇಲೆ ಅದು ನಿಜವಾದ ಸೋಂಕೋ ಅಲ್ಲವೋ ಅನ್ನುವ ಗೊಂದಲ ತಿಂಗಳುಗಟ್ಟಲೆ ಕಾಡುತ್ತದೆ. ಅಂಟಿಸುವ ಚೀಲದಲ್ಲಿ ಹಿಡಿದ ಉಚ್ಚೆ ಕಲ್ಚರ್‌ಗೆ ಬೇಡ. ಚರ್ಮದ, ಮಲದ ಕ್ರಿಮಿ ಸೇರಿ ಸುಳ್ಳು ರಿಪೋರ್ಟ್ ಬರುತ್ತದೆ. ಮಗು ತುಂಬ ಸುಸ್ತಾಗಿದ್ದರೆ ಆಸ್ಪತ್ರೆಯವರು ಸಣ್ಣ ಟ್ಯೂಬ್ ಹಾಕಿ ತೆಗೆಯುತ್ತಾರೆ, ಬಿಡಿ, ಒಂದು ನಿಮಿಷದ ಕೆಲಸ. ಇಲ್ಲದಿದ್ದರೆ ನೀವೇ ಹಿಡಿಯಬಹುದು.

ಹೀಗೆ ಮಾಡಿ. ಹಾಲು ಕುಡಿಸಿ ಇಪ್ಪತ್ತು ನಿಮಿಷ ಬಿಡಿ. ಸೋಪು, ನೀರಿನಿಂದ ತೊಳೆದು ಒರೆಸಿ. ಒಬ್ಬರು ಮಗುವಿನ ಕಂಕುಳಲ್ಲಿ ಕೈಹಾಕಿ ಎತ್ತಿ ಹಿಡಿಯಲಿ, ಕಾಲು ಇಳಿಬಿದ್ದಿರಲಿ. ಇನ್ನೊಬ್ಬರು ತಣ್ಣೀರಿನಲ್ಲಿ ಅದ್ದಿದ ಹತ್ತಿಯಿಂದ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಗುಂಡಗೆ ಉಜ್ಜುತ್ತಿರಲಿ. ಅಜ್ಜಿ ಪಕ್ಕದಲ್ಲಿ "ಸ್ಸ್ಸ್" ಅನ್ನುತ್ತಿದ್ದರೆ ಇನ್ನೂ ಒಳ್ಳೆಯದು. ಮೊದಲ ನಾಲ್ಕು ಹನಿ ಬಿಟ್ಟು ನಡುವಿನ ಧಾರೆಯನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿಯಿರಿ, ಡಬ್ಬಿಯ ಅಂಚು ಮೈಗೆ ತಾಗಬಾರದು. ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಿ. ಹೌದು, ಫ್ರಿಜ್ಜಿನಲ್ಲೇ, ಕವರಿನಲ್ಲಿ ಸುತ್ತಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್‌ಗಳು ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತವೆ, ಜ್ವರ ಪಟ್ ಅಂತ ಇಳಿಸುತ್ತವೆ, ಆದರೆ ಕಿಡ್ನಿಗೆ ರಕ್ತ ಹರಿಯುವುದನ್ನು ಕಮ್ಮಿ ಮಾಡುತ್ತವೆ. ಈ ಮಕ್ಕಳಿಗೆ ಅವು ಬೇಡ.

ಕೆಲವು ಮಕ್ಕಳಿಗೆ ಸೋಂಕು ಬರದ ಹಾಗೆ ದಿನಾ ರಾತ್ರಿ ಸಣ್ಣ ಡೋಸ್ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಎಳೆಯರಿಗೆ ಸೆಫಲೆಕ್ಸಿನ್ ಥರದ್ದು, ದೊಡ್ಡವರಾದ ಮೇಲೆ ಕೋಟ್ರೈಮಾಕ್ಸಜೋಲ್ ಅಥವಾ ನೈಟ್ರೋಫುರಾಂಟೋಯಿನ್. ಮಗು ಚೆನ್ನಾಗಿದೆ ಅಂತ ನೀವಾಗೇ ನಿಲ್ಲಿಸಬೇಡಿ, ಡಾಕ್ಟರು ಬರೆಯದೆ ನೀವಾಗೇ ಶುರುವೂ ಮಾಡಬೇಡಿ.

ಹೆಜ್ಜೆ 6: ಮೂರು ಟೆಸ್ಟ್, ಮೂರು ಪ್ರಶ್ನೆ

ಹೆಸರು ಕೇಳಿದರೆ ತಲೆ ತಿರುಗುತ್ತದೆ, ಕೆಲಸ ಬೇರೆ ಬೇರೆ. ಎಂಸಿಯು ಅಂದರೆ ಟ್ಯೂಬಿನಿಂದ ಮೂತ್ರಕೋಶಕ್ಕೆ ಡೈ ತುಂಬಿ, ಮಗು ಉಚ್ಚೆ ಹೊಯ್ಯುವಾಗ ಎಕ್ಸ್‌ರೇ ತೆಗೆಯುವುದು. ಉಚ್ಚೆ ವಾಪಸ್ ಕಿಡ್ನಿಗೆ ಹೋಗುತ್ತಿದೆಯೇ, ಪಿಯುವಿ ಇದೆಯೇ ಅಂತ ಇದು ಹೇಳುತ್ತದೆ. ಮಗು ಅಳುತ್ತದೆ, ನಿಮಗೂ ಅಳು ಬರುತ್ತದೆ, ಹಾಗಾಗಿ ಇದು ಎಲ್ಲರಿಗೂ ಬೇಕಿಲ್ಲ. ಒಂದು ಕಡೆ ಸಣ್ಣ ಊತ ಇರುವ ಮಗುವಿಗೆ ಬರೆದುಕೊಟ್ಟರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಎರಡನೆಯದು ರೀನೋಗ್ರಾಮ್, ಡಿಟಿಪಿಎ ಅಥವಾ ಇಸಿ ಸ್ಕ್ಯಾನ್ ಅನ್ನುತ್ತಾರೆ. ಉಚ್ಚೆ ಕೆಳಗೆ ಇಳಿಯುತ್ತಿದೆಯೇ, ಯಾವ ಕಿಡ್ನಿ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುತ್ತದೆ. ಎಳೆ ಕಿಡ್ನಿ ಸ್ವಲ್ಪ ಬಲಿಯಬೇಕು, ಹಾಗಾಗಿ 4ರಿಂದ 6 ವಾರ ದಾಟಿದ ಮೇಲೆ ಮಾಡುತ್ತಾರೆ. ಮೂರನೆಯದು ಡಿಎಂಎಸ್‌ಎ, ಸೋಂಕಿನಿಂದ ಕಿಡ್ನಿಯಲ್ಲಿ ಕಲೆ ಉಳಿದಿದೆಯೇ ಅಂತ ನೋಡುವುದಕ್ಕೆ. ಸೋಂಕು ವಾಸಿಯಾಗಿ 4ರಿಂದ 6 ತಿಂಗಳಾದ ಮೇಲೆ ಮಾಡಿದರೆ ಶಾಶ್ವತ ಕಲೆ ಗೊತ್ತಾಗುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಎರಡು ಮೂರು ಗಂಟೆ ಕಾಯಬೇಕು. ಹಾಲು, ಬಿಸ್ಕತ್ತು, ಎರಡು ಜೊತೆ ಬಟ್ಟೆ ತಗೊಂಡು ಹೋಗಿ.

ಹೆಜ್ಜೆ 7: ಆಪರೇಶನ್ನೋ, ಕಾಯುವುದೋ

ಕಿಡ್ನಿ ಮತ್ತು ಕೆಳಗಿಳಿಯುವ ನಾಳ ಸೇರುವ ಜಾಗದಲ್ಲಿ ಕಿರಿದಾಗಿರುವುದಕ್ಕೆ ಪಿಯುಜೆ ಅಡ್ಡಿ ಅನ್ನುತ್ತಾರೆ. ತುಂಬಾ ಮಕ್ಕಳಲ್ಲಿ ಇದು ಸುಮ್ಮನೆ ನೋಡುತ್ತಿದ್ದರೆ ಸಾಕು. ಆ ಕಿಡ್ನಿಯ ಪಾಲು ನೂರಕ್ಕೆ ನಲವತ್ತಕ್ಕಿಂತ ಕೆಳಗಿಳಿದರೆ, ಒಂದು ಟೆಸ್ಟಿನಿಂದ ಇನ್ನೊಂದಕ್ಕೆ ಪಾಲು ಕಮ್ಮಿಯಾಗುತ್ತಿದ್ದರೆ, ಊತ ಏರುತ್ತಿದ್ದರೆ, ನೋವು ಅಥವಾ ಸೋಂಕು ಬರುತ್ತಿದ್ದರೆ ಪೈಲೋಪ್ಲಾಸ್ಟಿ ಮಾಡುತ್ತಾರೆ. ಕಿರಿದಾದ ತುಂಡು ಕತ್ತರಿಸಿ ಮತ್ತೆ ಜೋಡಿಸುವ ಈ ವಿಧಾನ 1949ರಿಂದ ಬಳಕೆಯಲ್ಲಿದೆ, ಫಲಿತಾಂಶ ತುಂಬ ಚೆನ್ನಾಗಿದೆ.

ಉಚ್ಚೆ ವಾಪಸ್ ಹೋಗುವ ರಿಫ್ಲಕ್ಸ್‌ಗೆ 1ರಿಂದ 5ರ ತನಕ ಗ್ರೇಡ್. ಕೆಳಗಿನ ಗ್ರೇಡುಗಳು ಬೆಳೆಯುತ್ತಾ ಹೋಗಿಬಿಡುತ್ತವೆ. ಔಷಧಿ ಕೊಡುತ್ತಿದ್ದರೂ ಜ್ವರದ ಸೋಂಕು ಮರುಕಳಿಸಿದರೆ ಆಗ ಮುಂದಿನ ಯೋಚನೆ. ಎರಡೂ ಸಂದರ್ಭದಲ್ಲಿ ಆತುರದ ಆಪರೇಶನ್ನಿಗೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಪಿಯುವಿಗೆ ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾ ದಿನ ಕಳೆಯಬೇಡಿ.

ನಾಳ, ಪೈಪಿನ ಆಪರೇಶನ್ ಮಾಡುವವರು ಮಕ್ಕಳ ಯುರಾಲಜಿಸ್ಟ್ ಅಥವಾ ಮಕ್ಕಳ ಸರ್ಜನ್. ಕಿಡ್ನಿಯ ಕೆಲಸ, ಬಿಪಿ, ಬೆಳವಣಿಗೆ ನೋಡುವವರು ಮಕ್ಕಳ ನೆಫ್ರಾಲಜಿಸ್ಟ್. ಗಂಭೀರ ದೋಷಕ್ಕೆ ಇಬ್ಬರೂ ಬೇಕು. ಸರ್ಕಾರಿ ಕಡೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆಪರೇಶನ್ ದಿನ ಕೇಳಿದರೆ ಪ್ರಯೋಜನ ಇಲ್ಲ. ರೆಫರಲ್ ಚೀಟಿ ಬೇಕೇ, ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ.

ಹೆಜ್ಜೆ 8: ಮಗು ಬೆಳೆಯುವಾಗ

ಪಿಯುವಿ ಪೊರೆ ಸುಟ್ಟ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಮೂತ್ರಕೋಶ ಗಟ್ಟಿಯಾಗೇ ಉಳಿದಿರಬಹುದು, ಕಿಡ್ನಿಗೆ ಉಚ್ಚೆ ದಟ್ಟ ಮಾಡುವ ಶಕ್ತಿ ಕಮ್ಮಿ ಇರಬಹುದು. ಇಂಥ ಹುಡುಗರು ಜಾಸ್ತಿ ನೀರು ಕುಡಿಯುತ್ತಾರೆ, ಜಾಸ್ತಿ ಹೊಯ್ಯುತ್ತಾರೆ, ಹಾಸಿಗೆ ಒದ್ದೆ ಮಾಡುತ್ತಾರೆ. ಬೈದು ನೀರು ಕಮ್ಮಿ ಮಾಡಿಸಬೇಡಿ. ವಾಂತಿ ಭೇದಿ ಆದರೆ ಬೇರೆ ಮಕ್ಕಳಿಗಿಂತ ಬೇಗ ಒಣಗುತ್ತಾರೆ, ಓಆರ್‌ಎಸ್ ಜೊತೆಗೆ ಆಸ್ಪತ್ರೆಯ ದಾರಿಯನ್ನೂ ಬೇಗ ಹಿಡಿಯಿರಿ. ಗಂಟೆಗೊಮ್ಮೆ ಒಂದಕ್ಕೆ ಬಿಡಬೇಕು ಅಂತ ಸ್ಕೂಲಿಗೆ ಡಾಕ್ಟರ ಚೀಟಿ ಕೊಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ, ಒಮ್ಮೆ ಹೋಗಿ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸುವುದನ್ನು ಕಲಿಸುತ್ತಾರೆ.

ಮಲಬದ್ಧತೆ ಕೂಡ ಉಚ್ಚೆ ಸೋಂಕಿಗೆ ದಾರಿ. ಹಣ್ಣು, ಸೊಪ್ಪು, ನೀರು, ಬೇಕಾದರೆ ಔಷಧಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನಾಲ್ಕೈದು ವರ್ಷದ ಹುಡುಗಿ ಸರಿಯಾಗಿ ಒಂದಕ್ಕೆ ಹೋಗುತ್ತಾಳೆ, ಧಾರೆ ಚೆನ್ನಾಗಿದೆ, ಆದರೂ ಒಳಚಡ್ಡಿ ಯಾವಾಗಲೂ ಸ್ವಲ್ಪ ಒದ್ದೆ, ಹಗಲೂ ರಾತ್ರಿಯೂ. ಎಷ್ಟೋ ಮನೆಗಳಲ್ಲಿ ಇದನ್ನು ಸೋಮಾರಿತನ ಅಂದುಕೊಂಡು ಏಟು ಕೊಡುತ್ತಾರೆ. ಕಿಡ್ನಿಯಿಂದ ಎರಡು ನಾಳ ಹೊರಟು, ಒಂದು ಮೂತ್ರಕೋಶ ಸೇರದೆ ಅದರ ಕೆಳಗೆಲ್ಲೋ ತೆರೆದುಕೊಂಡಿದ್ದರೆ ಹೀಗೇ ಆಗುವುದು. ಆ ಹುಡುಗಿ ಎಷ್ಟು ಪ್ರಯತ್ನಪಟ್ಟರೂ ತಡೆದುಕೊಳ್ಳುವುದಕ್ಕೆ ಆಗುವುದಿಲ್ಲ. ಆಪರೇಶನ್ ಮಾಡಿದರೆ ನಿಲ್ಲುತ್ತದೆ. ಒಂದೇ ಕಿಡ್ನಿ ಇರುವ ಹುಡುಗಿಗೆ ಮುಟ್ಟು ಶುರುವಾಗುವ ವಯಸ್ಸಿನಲ್ಲಿ ಗರ್ಭಕೋಶದ ಸ್ಕ್ಯಾನ್ ಒಮ್ಮೆ ಮಾಡಿಸಿ. ಎರಡೂ ಅಂಗ ಒಟ್ಟಿಗೇ ರೂಪುಗೊಳ್ಳುವುದರಿಂದ ಅಲ್ಲೂ ವ್ಯತ್ಯಾಸ ಇರಬಹುದು, ಮುಟ್ಟಿನ ವಿಪರೀತ ನೋವಿಗೆ ಅದೇ ಕಾರಣ ಆಗಿರಬಹುದು.

ಒಂದೇ ಕಿಡ್ನಿ ಇದೆ ಅಂತ ಮಗುವನ್ನು ಆಟಕ್ಕೆ ಬಿಡದಿರುವುದು ಬೇಡ. ಓಟ, ಕ್ರಿಕೆಟ್, ಈಜು ಎಲ್ಲ ಆಡಲಿ. ಕಬಡ್ಡಿ, ಕುಸ್ತಿ ಥರದ್ದಕ್ಕೆ ಡಾಕ್ಟರನ್ನು ಒಂದು ಮಾತು ಕೇಳಿ. ವರ್ಷಕ್ಕೊಮ್ಮೆ ಬಿಪಿ, ಉಚ್ಚೆಯಲ್ಲಿ ಪ್ರೋಟೀನ್, ಎತ್ತರ ತೂಕ ನೋಡಿಸಿ. ಬಿಪಿ ನೋಡುವಾಗ ಮಕ್ಕಳ ಅಳತೆಯ ಪಟ್ಟಿಯೇ ಬೇಕು. ಪಟ್ಟಿ ತೋಳಿಗಿಂತ ದೊಡ್ಡದಾದರೆ ನಂಬರ್ ಕಮ್ಮಿ ತೋರಿಸುತ್ತದೆ, ತೀರ ಚಿಕ್ಕದಾದರೆ ಜಾಸ್ತಿ.

ಮುಂದೆ ಎಂದಾದರೂ ಹೊಟ್ಟೆಯ ಆಪರೇಶನ್ ಬೇಕಾದರೆ ಕಿಡ್ನಿ ಎಲ್ಲಿದೆ, ಎಷ್ಟಿದೆ ಅಂತ ಸರ್ಜನ್‌ಗೆ ಮೊದಲೇ ಗೊತ್ತಿರಬೇಕು. ಪೆಲ್ವಿಕ್ ಕಿಡ್ನಿಯನ್ನು ಗಡ್ಡೆ ಅಂದುಕೊಳ್ಳುವುದು ಸುಲಭ. ಹಾರ್ಸ್‌ಶೂ ಕಿಡ್ನಿ ಇರುವವರಿಗೆ ಕಲ್ಲು ಆಗುವುದು ಸ್ವಲ್ಪ ಜಾಸ್ತಿ, ನೀರು ಚೆನ್ನಾಗಿ ಕುಡಿಯಬೇಕು. ಮತ್ತೆ ಮಗುವಿನ ಅಣ್ಣ, ತಂಗಿಯರ ವಿಷಯ. ರಿಫ್ಲಕ್ಸ್ ಇರುವ ಮಗುವಿನ ಒಡಹುಟ್ಟಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಇರುತ್ತದೆ, ಹಾಗಾಗಿ ಅವರಿಗೆ ಒಂದು ಮಾಮೂಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿ. ಎರಡೂ ಕಿಡ್ನಿಯಲ್ಲಿ ದೋಷ ಇದ್ದರೆ ಅಪ್ಪ ಅಮ್ಮನೂ ಮಾಡಿಸಿಕೊಳ್ಳಿ. ನಿಮಗೇ ಒಂದು ಕಿಡ್ನಿ ಇಲ್ಲ ಅಂತ ಆವತ್ತು ಗೊತ್ತಾದರೂ ಗೊತ್ತಾಗಬಹುದು.